ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಬೇಡ

ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿ, "ಅಜ್ಜೀ, ಕಂಪ್ಯೂಟರು 95 ಡಿಗ್ರಿಗೆ ಹೋಗ್ತಿದೆ, ವಾಟರ್ ಕೂಲರ್ ತರಿಸ್ತಿದ್ದೀನಿ" ಅಂದೆಯಲ್ಲ, ಬೆಳಗಾಗಲಿ ತಡಿ ಅಂದಿದ್ದೆ. ಬೆಳಗಾಗಿದೆ. ಕಾಫಿಯೂ ಆಗಿದೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ "ಗೊತ್ತಾಯ್ತು ಬಿಡು" ಅಂತೀಯ, ಅದಕ್ಕೇ ಬರೆದು ಕಳಿಸ್ತಿದ್ದೀನಿ. ಕೂತು ಓದು. ಆ ಖರೀದಿ ಗುಂಡಿ ಒತ್ತೋ ಬೆರಳನ್ನ ಅಲ್ಲಿಯವರೆಗೆ ಮಡಿಚಿಟ್ಟುಕೋ.

ನಿನ್ನ ಕೈ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಏಳನೇ ಕ್ಲಾಸಿನಲ್ಲೇ ನಿಮ್ಮಮ್ಮನ ಮಿಕ್ಸಿ ಬಿಚ್ಚಿ ಮತ್ತೆ ಜೋಡಿಸಿದ ಹುಡುಗ ನೀನು. ಓಡಿತು ಕೂಡ. ಆದರೆ ಜೋಡಿಸಿದ ಮೇಲೆ ಎರಡು ತಿರುಪು ಮಿಕ್ಕಿತ್ತು, ಅದನ್ನ ಶಾಲೆ ಬ್ಯಾಗಿನಲ್ಲಿ ಬಚ್ಚಿಟ್ಟಿದ್ದೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯ. ಟೆಲಿಫೋನ್ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಬೆಸುಗೆ ಹಾಕಿ, ಆಮೇಲೆ ನಿಮ್ಮ ತಾತನ ಜೊತೆ ಎಸ್.ಪಿ. ರೋಡಿನ ಓಣಿಯೊಂದರಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದವಳ ಕಣ್ಣಿಗೆ ಮಿಕ್ಕ ತಿರುಪು ಬೀಳದೆ ಇರುತ್ತಾ?

ಮೊದಲು ಆ 95ರ ವಿಚಾರ. ನಿನ್ನದು ರೈಜನ್ 7700ಎಕ್ಸ್. ಆ 7000 ಸಾಲನ್ನ 2022ರಲ್ಲಿ ಬಿಟ್ಟಾಗಲೇ ಎಎಂಡಿಯವರು ಹೇಳಿದ್ದರು, ಭಾರದ ಕೆಲಸ ಕೊಟ್ಟರೆ ಇದು 95ರ ತನಕ ಏರಿ ಅಲ್ಲೇ ನಿಲ್ಲುತ್ತೆ, ಹಾಗೆಂದೇ ಮಾಡಿದ್ದೀವಿ ಅಂತ. ಇಂಟೆಲ್‌ನ 13ನೇ ತಲೆಮಾರಿನ ದೊಡ್ಡ ಚಿಪ್ಪುಗಳಿಗೆ ಆ ಗೆರೆ 100. ಈ ಕಾಲದ ಚಿಪ್ಪು ನಮ್ಮ ಕಾಲದ್ದರ ಹಾಗಲ್ಲ ಮಗೂ. ತಡೆಯೋವರೆಗೂ ವೇಗ ಏರಿಸ್ತಾನೇ ಹೋಗುತ್ತೆ. ವಿದ್ಯುತ್ತಿನ ಮಿತಿಯಾದರೂ ಮುಟ್ಟಬೇಕು, ಬಿಸಿಯ ಮಿತಿಯಾದರೂ ಮುಟ್ಟಬೇಕು. ಅದಕ್ಕೇ ಎಷ್ಟೋ ಜನ ದುಡ್ಡು ಸುರಿದು ದೊಡ್ಡ ಕೂಲರ್ ಹಾಕಿ, ಮತ್ತೆ ಅದೇ 95 ಕಂಡು ತಲೆ ಮೇಲೆ ಕೈ ಹೊತ್ತುಕೊಳ್ಳೋದು. ಕೂಲರ್ ಕೆಲಸ ಮಾಡಿರುತ್ತೆ, ಚಿಪ್ಪು ಆ ಲಾಭವನ್ನ ವೇಗಕ್ಕೆ ಬಳಸಿಕೊಂಡಿರುತ್ತೆ. ಹಾಗಾಗಿ ಬರೀ ಡಿಗ್ರಿ ನೋಡಬೇಡ. ಪಕ್ಕದಲ್ಲೇ ಎಷ್ಟು ವ್ಯಾಟ್, ಎಷ್ಟು ಮೆಗಾಹರ್ಟ್ಸ್ ಅಂತಲೂ ನೋಡು. ಎಚ್‌ಡಬ್ಲ್ಯೂಇನ್ಫೋ ಅನ್ನೋ ತಂತ್ರಾಂಶ ಮೂರನ್ನೂ ತೋರಿಸುತ್ತೆ, ದುಡ್ಡೂ ಬೇಡ.

ವಿಡಿಯೊ ರೆಂಡರ್ ಮಾಡುವಾಗ 95 ಅಂದಿದ್ದರೆ ಮಲಗು ಮಗನೇ ಅಂತಿದ್ದೆ. ಆದರೆ ನೀನು ಇನ್ನೊಂದು ಮಾತು ಹೇಳಿದೆ. ಆಟ ಆಡುವಾಗಲೂ 90 ದಾಟುತ್ತೆ, ಫ್ಯಾನು ಕೂಗಿಕೊಳ್ಳುತ್ತೆ, ಪಕ್ಕದ ಕೋಣೆಯಲ್ಲಿ ಓದ್ತಿರೋ ತಂಗಿ ಬಂದು ಬೈದು ಹೋಗ್ತಾಳೆ. ಅದು ಜ್ವರದ ಲಕ್ಷಣ. ಆದರೆ ಜ್ವರ ಯಾರಿಗೆ?

ಒಂದು ಕತೆ ಹೇಳ್ತೀನಿ. ನಮ್ಮ ಅಂಗಡಿಗೆ ಒಬ್ಬ ಎಂಜಿನಿಯರಿಂಗ್ ಹುಡುಗ ಬರ್ತಿದ್ದ. ಆರು ತಿಂಗಳಲ್ಲಿ ಮೂರು ಕೂಲರ್ ಬದಲಾಯಿಸಿದ್ದ. ಪ್ರತಿ ಸಲವೂ ಮೊದಲಿನದಕ್ಕಿಂತ ದೊಡ್ಡದು. ಮೂರನೆಯದು ಹಾಕಿಸಿಕೊಂಡು ಹೋಗಿ ವಾರಕ್ಕೇ ವಾಪಸ್ ಬಂದ, ಕಣ್ಣಲ್ಲಿ ನೀರು. ನಿಮ್ಮ ತಾತ ಏನೂ ಮಾತಾಡದೆ ಸ್ಕೂಟರ್ ತೆಗೆದು ಅವನ ಜೊತೆ ಮನೆಗೇ ಹೋದರು. ಹೋಗಿ ನೋಡಿದರೆ ಕ್ಯಾಬಿನೆಟ್ಟು ಮೇಜಿನ ಕೆಳಗಿನ ಗೂಡಿನಲ್ಲಿ, ಹಿಂಭಾಗ ಗೋಡೆಗೆ ಅಂಟಿಕೊಂಡು, ಮುಂಭಾಗಕ್ಕೆ ಮರದ ಬಾಗಿಲು. ಧೂಳು ಬೀಳಬಾರದು ಅಂತ ಅವರಮ್ಮ ಬಾಗಿಲನ್ನ ಸದಾ ಮುಚ್ಚಿಡ್ತಿದ್ದರಂತೆ. ಒಳಗೆ ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಮತ್ತೆ ಎಳೆದುಕೊಳ್ತಿತ್ತು. ತಾತ ಅದನ್ನ ಎತ್ತಿ ಮೇಜಿನ ಮೇಲಿಟ್ಟರು. ಮೊದಲನೇ ಕೂಲರ್ರೇ ಸಾಕಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಮೂರು ಸಲ ಆ ಹುಡುಗ ಎಮ್ಮೆಯನ್ನ ಸುಟ್ಟಿದ್ದ.

ಅದಕ್ಕೇ ನೀನು ಮಾಡಬೇಕಾದ ಮೊದಲ ಕೆಲಸಕ್ಕೆ ಕಾಸಿನ ಖರ್ಚಿಲ್ಲ. ಒಂದು ನೋಟ್‌ಬುಕ್ಕು ತಗೋ, ಕೋಣೆಯಲ್ಲಿ ಒಂದು ಥರ್ಮಾಮೀಟರ್ ಇಡು. ಯಾವುದಾದರೂ ಒಂದೇ ಆಟವನ್ನ ಅರ್ಧ ಗಂಟೆ ಓಡಿಸಿ, ಕೋಣೆ ಎಷ್ಟು, ಚಿಪ್ಪು ಎಷ್ಟು, ಗ್ರಾಫಿಕ್ಸ್ ಕಾರ್ಡು ಎಷ್ಟು ಅಂತ ಬರಕೋ. ಆಮೇಲೆ ಬದಿಯ ಗಾಜು ಬಿಚ್ಚಿ ಪಕ್ಕಕ್ಕಿಡು. ಅದೇ ಆಟ, ಮತ್ತೆ ಅರ್ಧ ಗಂಟೆ. ಎಂಟು ಹತ್ತು ಡಿಗ್ರಿ ಇಳಿಯಿತಾ? ಹಾಗಾದರೆ ಕೂಲರ್ ಮೇಲೆ ತಪ್ಪು ಹೊರಿಸಬೇಡ, ಉಸಿರು ಕಟ್ಟಿರೋದು ಕ್ಯಾಬಿನೆಟ್ಟಿಗೆ. ಒಂದೆರಡು ಡಿಗ್ರಿಯೂ ಅಲ್ಲಾಡಲಿಲ್ಲವಾ? ಆಗ ತೊಂದರೆ ಚಿಪ್ಪಿನ ಮೇಲೇ ಇದೆ. ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚೋ ಪೇಸ್ಟ್ ಒಣಗಿರಬೇಕು, ಕೂಲರ್ ಸರಿಯಾಗಿ ಕೂತಿಲ್ಲದೆ ಇರಬೇಕು, ಇಲ್ಲ ನಿಜವಾಗಿಯೂ ಕೂಲರ್ ಸಾಲದೆ ಇರಬೇಕು. ಈ ಒಂದು ಗಂಟೆ ಕೂರೋ ತಾಳ್ಮೆ ನಿನಗಿದ್ದರೆ ಅರ್ಧ ಮೆಕ್ಯಾನಿಕ್ ಆದಂತೆ.

ಕೋಣೆಯ ಡಿಗ್ರಿ ಯಾಕೆ ಬರೀಬೇಕು ಅಂತ ಕೇಳ್ತೀಯ, ಗೊತ್ತು. ಗಾಳಿಯದಾಗಲಿ ನೀರಿನದಾಗಲಿ, ಈ ಕೂಲರ್‌ಗಳು ಯಾವುದೂ ಚಿಪ್ಪನ್ನ ಕೋಣೆಗಿಂತ ತಣ್ಣಗೆ ಮಾಡಲಾರವು. ನೀರು ಕೂಡ ಕೊನೆಗೆ ಬಿಸಿಯನ್ನ ಬಿಡೋದು ಇದೇ ಗಾಳಿಗೆ ತಾನೇ? ಜನವರಿಯಲ್ಲಿ ಕೋಣೆ 22, ಚಿಪ್ಪು 72. ಏಪ್ರಿಲ್‌ನಲ್ಲಿ ಕೋಣೆ 34, ಚಿಪ್ಪು 84. ನಿನ್ನ ಕಣ್ಣಿಗೆ ಕೂಲರ್ ಕೆಟ್ಟಿದೆ, ನನ್ನ ಲೆಕ್ಕಕ್ಕೆ ಅಂತರ 50 ಇದ್ದದ್ದು 50ರಲ್ಲೇ ಇದೆ. ಮಡಿಕೇರಿಯ ಹುಡುಗ ಹಾಕಿದ ಅಂಕಿ ನೋಡಿ ಕಲಬುರಗಿಯ ಹುಡುಗ ಕೊರಗೋದು ದಡ್ಡತನ. ಬೆಂಗಳೂರು ಎಸಿ ಊರು ಅಂತ ಮೆರೆಯೋದೂ ಬೇಡ, 2016ರ ಏಪ್ರಿಲ್‌ನಲ್ಲಿ ಇಲ್ಲೇ 39.2 ಮುಟ್ಟಿತ್ತು. ಇನ್ನೊಂದು ಮಾತು. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ಅದೇ ಫ್ಯಾನು ಅದೇ ವೇಗಕ್ಕೆ ತಿರುಗಿದರೂ ಹೊತ್ತುಕೊಂಡು ಹೋಗೋ ಬಿಸಿ ಅಷ್ಟು ಕಮ್ಮಿ. ದೊಡ್ಡ ವ್ಯತ್ಯಾಸವಲ್ಲ, ಆದರೂ ತಿಳಿದಿರಲಿ.

ಈಗ ಗಾಳಿಯ ದಾರಿ. ದೇವರ ಮನೆಯಿಂದ ಒಂದು ಊದುಬತ್ತಿ ತಗೊಂಡು ಬಾ. ಕಂಪ್ಯೂಟರ್ ಓಡ್ತಿರಲಿ. ಹಚ್ಚಿದ ಬತ್ತಿಯನ್ನ ಮುಂದೆ ಗಾಳಿ ಒಳಬರೋ ಸಂದಿನ ಹತ್ತಿರ ಹಿಡಿ, ಹೊಗೆ ಒಳಗೆ ಹೋಗಬೇಕು. ಹಿಂದಿನ ಫ್ಯಾನಿನ ಹತ್ತಿರ ಹಿಡಿ, ಹೊಗೆ ದೂರ ತಳ್ಳಿಸಿಕೊಳ್ಳಬೇಕು. ಒಂದು ಕ್ಷಣ ನೋಡಿದರೆ ಸಾಕು, ಬತ್ತಿ ಪೂರ್ತಿ ಉರಿಯೋವರೆಗೂ ಒಳಗೆ ಹೊಗೆ ತುಂಬಬೇಡ. ನಿನ್ನಂಥ ಆತುರಗಾರರು ಜೋಡಿಸಿದ ಕ್ಯಾಬಿನೆಟ್ಟುಗಳಲ್ಲಿ ಮುಂದಿನ ಫ್ಯಾನು ಹೊರಕ್ಕೆ, ಹಿಂದಿನದೂ ಹೊರಕ್ಕೆ ಊದ್ತಿದ್ದದ್ದನ್ನ ಎಷ್ಟು ನೋಡಿದ್ದೀನೋ. ಫ್ಯಾನಿನ ಯಾವ ಕಡೆ ಅಡ್ಡಪಟ್ಟಿಗಳ ಚೌಕಟ್ಟು ಇದೆಯೋ ಆ ಕಡೆಗೆ ಗಾಳಿ ಹೊರಡುತ್ತೆ. ಬರೀ ರೆಕ್ಕೆ ಕಾಣೋ ಕಡೆಯಿಂದ ಒಳಗೆ ಬರುತ್ತೆ. ಇಷ್ಟು ನೆನಪಿಟ್ಟರೆ ಸಾಕು.

"ಬಿಸಿಗಾಳಿ ಮೇಲಕ್ಕೆ ಹೋಗುತ್ತೆ ಅಜ್ಜಿ, ಮೇಲ್ಗಡೆ ಮೂರು ಫ್ಯಾನ್ ಹಾಕ್ತೀನಿ" ಅಂತಲೂ ಅಂದೆ. ಬಿಸಿಗಾಳಿ ಮೇಲೇರೋದು ನಿಜ, ಆದರೆ ಅದರ ಬಲ ಒಂದು ಸಣ್ಣ ಫ್ಯಾನಿನ ಮುಂದೆ ಏನೂ ಅಲ್ಲ. ಫ್ಯಾನು ಎತ್ತ ತಳ್ಳಿದರೆ ಅತ್ತ ಹೋಗುತ್ತೆ. ಮೇಲೆ ಮೂರೂ ಹೊರಕ್ಕೆ ಎಳೆದರೆ, ಮುಂದಿನಿಂದ ಬಂದ ತಣ್ಣನೆ ಗಾಳಿ ಚಿಪ್ಪನ್ನ ಮುಟ್ಟೋ ಮೊದಲೇ ಮಾಡಿನಿಂದ ಆಚೆ ಹೋಗಿರುತ್ತೆ. ಮುಂದೆ ಎರಡು ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ನಿನ್ನಂಥವರ ಮನೆಗೆ ಇಷ್ಟು ಸಾಕು. ಒಳಕ್ಕೆ ಬರೋದು ಒಂದು ಹಿಡಿ ಹೆಚ್ಚಿದ್ದರೆ ಧೂಳು ಸಂದುಗೊಂದುಗಳಿಂದ ನುಗ್ಗೋದು ತಪ್ಪುತ್ತೆ, ಜಾಲರಿ ಇರೋ ಕಡೆಯಿಂದಲೇ ಬಂದು ಅಲ್ಲೇ ಸಿಕ್ಕಿಬೀಳುತ್ತೆ. ಮುಂದೆ ಜಾಲರಿಯೇ ಇಲ್ಲವಾ? ಹಳೇ ಸೊಳ್ಳೆ ಪರದೆಯ ತುಂಡಿಗೆ ಸುತ್ತ ಮ್ಯಾಗ್ನೆಟ್ ಪಟ್ಟಿ ಅಂಟಿಸಿ ತಗಡಿಗೆ ಕಚ್ಚಿಸು. ಹದಿನೈದು ದಿನಕ್ಕೊಮ್ಮೆ ಕಿತ್ತು ನಲ್ಲಿ ಕೆಳಗೆ ಹಿಡಿ, ಒಣಗಿಸಿ ಮತ್ತೆ ಹಾಕು. ಎದುರುಗಡೆ ಮೂರು ಅಪಾರ್ಟ್‌ಮೆಂಟ್ ಏಳ್ತಿರೋ ನಿಮ್ಮ ಬೀದಿಗೆ ವಾರಕ್ಕೊಮ್ಮೆ ಅಂತಿಟ್ಟುಕೋ.

ಫ್ಯಾನು ಕೊಳ್ಳುವಾಗ ಡಬ್ಬದ ಮೇಲಿನ ಬಣ್ಣದ ದೀಪ ನೋಡ್ತೀಯ. ನಾನು ನೋಡೋದು ಬೇರೆ. ಫ್ಯಾನಿನ ವೇಗ ಅರ್ಧಕ್ಕೆ ಇಳಿಸಿದರೆ ಗಾಳಿಯೂ ಅರ್ಧವಾಗುತ್ತೆ. ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತೆ, ತಿನ್ನೋ ವಿದ್ಯುತ್ತು ಎಂಟನೇ ಒಂದು ಪಾಲಾಗುತ್ತೆ. ಅದೇ ಥರದ ಇನ್ನೊಂದು ಫ್ಯಾನು ಪಕ್ಕದಲ್ಲಿ ಸೇರಿಸಿದರೆ ಸದ್ದು ಏರೋದು ಬರೀ 3 ಡೆಸಿಬೆಲ್. ಲೆಕ್ಕ ನೀನೇ ಹಾಕು. ಒಂದನ್ನ ಓಡಿಸೋದಕ್ಕಿಂತ ಎರಡನ್ನ ನಡೆಸೋದು ಲೇಸು. 120 ಮಿಲಿಮೀಟರಿನದು ಹಿಡಿಯೋ ಜಾಗದಲ್ಲಿ 140 ಹಿಡಿಯುತ್ತೆ ಅಂದರೆ 140ನ್ನೇ ತಗೋ. ನಾಲ್ಕು ಪಿನ್ನಿನದು ತಗೋ. ಮೂರು ಪಿನ್ನಿನದು ಸಿಕ್ಕಿದರೂ ಚಿಂತೆಯಿಲ್ಲ, ಬಯಾಸ್‌ನಲ್ಲಿ ಆ ಫ್ಯಾನಿನ ಕನೆಕ್ಟರನ್ನ ಡಿಸಿ ಅಂತ ಬದಲಾಯಿಸು. ಮರೆತರೆ ಅದು ಸದಾ ಪೂರ್ತಿ ವೇಗದಲ್ಲಿ ಅರಚುತ್ತೆ, ನೀನು ಫ್ಯಾನನ್ನ ಬೈತೀಯ. ಮದರ್‌ಬೋರ್ಡಿನ ಒಂದು ಫ್ಯಾನ್ ಕನೆಕ್ಟರಿಗೆ ಸಾಮಾನ್ಯವಾಗಿ ಒಂದು ಆಂಪಿಯರ್ ಮಿತಿ. ಕವಲು ವೈರು ಸಿಕ್ಕಿತು ಅಂತ ಒಂದಕ್ಕೇ ಆರು ನೇತುಹಾಕಬೇಡ. ಪ್ರತಿ ಫ್ಯಾನಿನ ಬೆನ್ನ ಮೇಲೆ ಆಂಪಿಯರ್ ಬರೆದಿರುತ್ತೆ, ಕೂಡಿಸಿ ನೋಡು.

ಹಳೇ ಫ್ಯಾನು ಗೊರಗೊರ ಅಂದರೆ ಸ್ಟಿಕರ್ ಎತ್ತಿ ಒಂದು ಹನಿ ಹೊಲಿಗೆ ಮಷೀನ್ ಎಣ್ಣೆ ಬಿಡು, ಇನ್ನೊಂದು ವರ್ಷ ಓಡಿದರೂ ಓಡಬಹುದು. ಕೊಬ್ಬರಿ ಎಣ್ಣೆ ಬಿಟ್ಟಿದ್ದ ಒಬ್ಬ ಮಹಾನುಭಾವ ನಮ್ಮಲ್ಲಿಗೆ ಬಂದಿದ್ದ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತೆ, ಡಿಸೆಂಬರ್ ಬೆಳಗ್ಗೆ ಫ್ಯಾನು ಏಳಲೇ ಇಲ್ಲ. ಬ್ಲೋಯರ್ ಹಿಡಿದು ಧೂಳು ಹೊಡೆಯುವಾಗ ರೆಕ್ಕೆಯನ್ನ ಬೆರಳಲ್ಲಿ ಒತ್ತಿ ಹಿಡಕೋ. ಗಿರ್ರನೆ ತಿರುಗಿದರೆ ಚೆಂದ ಕಾಣುತ್ತೆ, ಆದರೆ ಬೇರಿಂಗ್ ಹಾಳಾಗುತ್ತೆ.

ಸರಿ, ಕೂಲರ್. ನೀನು ಆರಿಸಿಟ್ಟಿರೋದು ಮೂರು ಫ್ಯಾನಿನ 360 ಮಿಲಿಮೀಟರಿನ ವಾಟರ್ ಕೂಲರ್ರು. ನಿನ್ನ ಚಿಪ್ಪು ಜಾಸ್ತಿ ಅಂದರೆ 142 ವ್ಯಾಟ್ ಎಳೆಯುತ್ತೆ. ಅದರ ಬಹುಪಾಲು ಹುಟ್ಟೋದು ಸುಮಾರು 70 ಚದರ ಮಿಲಿಮೀಟರ್ ಸಿಲಿಕಾನ್ ತುಂಡಿನಲ್ಲಿ, ನಿನ್ನ ಕಿರುಬೆರಳಿನ ಉಗುರಿನಷ್ಟು ಜಾಗ. ಆ ಉಗುರಿನಷ್ಟು ಜಾಗದಿಂದ ಬಿಸಿ ಮೇಲಿನ ಲೋಹದ ಮುಚ್ಚಳಕ್ಕೆ ಬರಬೇಕು, ಅಲ್ಲಿಂದ ಕೂಲರಿಗೆ. ಇಕ್ಕಟ್ಟು ಇರೋದು ಅಲ್ಲಿ. ಊರಾಚೆ ಎಂಟು ಲೇನಿನ ರಸ್ತೆ ಮಾಡಿಸಿದರೆ ಓಣಿಯ ಬಾಯಲ್ಲಿ ಸಿಕ್ಕಿಕೊಂಡ ಗಾಡಿ ಬೇಗ ಬರುತ್ತಾ? ಅದಕ್ಕೇ ಹೇಳ್ತಿರೋದು, ನಿನಗೆ ಎರಡು ಗೋಪುರದ ಒಳ್ಳೇ ಏರ್ ಕೂಲರ್ರೇ ಬೇಕಾದಷ್ಟಾಯಿತು. ವಾಟರ್ ಕೂಲರಿನ ಅರ್ಧ ಬೆಲೆಗೇ ಸಿಗುತ್ತೆ, ಇದರಲ್ಲಿ ಕೆಡೋದು ಅಂತಿದ್ದರೆ ಫ್ಯಾನೊಂದೇ. ಫ್ಯಾನು ಕೆಟ್ಟರೆ ಬೇರೆ ಹಾಕ್ತೀಯ. ನೀರಿನದರಲ್ಲಿ ಪಂಪು ಕೆಟ್ಟರೆ ಇಡೀ ಸಾಮಾನು ಗುಜರಿಗೆ.

ಏರ್ ಕೂಲರಿನ ಆ ತಾಮ್ರದ ಕೊಳವೆಗಳನ್ನ ಗಟ್ಟಿ ತಂತಿ ಅಂದುಕೊಂಡಿದ್ದೀಯ, ಅಲ್ಲ. ಒಳಗೆ ಟೊಳ್ಳು. ಗಾಳಿ ತೆಗೆದು ಒಂದಿಷ್ಟೇ ನೀರು ಬಿಟ್ಟು ಬಾಯಿ ಮುಚ್ಚಿರುತ್ತಾರೆ. ಒತ್ತಡ ಕಮ್ಮಿ ಇರೋದರಿಂದ ನೀರು ನೂರು ಡಿಗ್ರಿಗೆ ಕಾಯೋದೇ ಇಲ್ಲ, ಚಿಪ್ಪಿನ ಬಿಸಿಗೇ ಆವಿಯಾಗಿ ಮೇಲಕ್ಕೆ ಓಡುತ್ತೆ, ರೆಕ್ಕೆಗಳ ಹತ್ತಿರ ತಣ್ಣಗಾಗಿ ನೀರಾಗುತ್ತೆ, ಒಳಗೋಡೆಯ ಬತ್ತಿಯಂಥ ಪದರ ಅದನ್ನ ಹೀರಿ ಕೆಳಕ್ಕೆ ತರುತ್ತೆ. ದೀಪದ ಬತ್ತಿ ಎಣ್ಣೆ ಏರಿಸೋದಿಲ್ಲವಾ, ಅದೇ ಕೆಲಸ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಅನ್ನೋರು ಇದನ್ನ ಮಾಡಿ ತೋರಿಸಿದರು. ಪಂಪಿಲ್ಲ, ಕರೆಂಟಿಲ್ಲ, ಆದರೂ ನೀರು ತಿರುಗ್ತಾನೇ ಇರುತ್ತೆ. ನನಗೆ ಈಗಲೂ ಅದನ್ನ ಕೈಯಲ್ಲಿ ಹಿಡಿದರೆ ಸಂತೋಷವಾಗುತ್ತೆ. ಅದಕ್ಕೇ ರ‍್ಯಾಮ್‌ಗೆ ತಾಗುತ್ತೆ ಅಂತ ಅದನ್ನ ಕೈಯಲ್ಲಿ ಒತ್ತಿ ಬಗ್ಗಿಸೋ ಕೆಲಸ ಮಾಡಬೇಡ. ಕೊಳವೆ ಸೊಟ್ಟಗಾಗಿ ಒಳಗಿನ ಬತ್ತಿ ಹರಿದರೆ ಅದು ಬರೀ ತಾಮ್ರದ ತುಂಡು.

ಕೊಳ್ಳೋ ಮೊದಲು ಅಳತೆ ಹಿಡಿ. ನಾಕ್ಟುವಾದ ಎನ್‌ಎಚ್-ಡಿ15 ಅಂತ 2014ರಲ್ಲಿ ಬಂದದ್ದು ಇದೆಯಲ್ಲ, ಎತ್ತರ 165 ಮಿಲಿಮೀಟರ್, ಫ್ಯಾನು ಸೇರಿ ತೂಕ ಸುಮಾರು 1.3 ಕಿಲೋ. ನಿನ್ನ ಕ್ಯಾಬಿನೆಟ್ಟಿನ ಕೈಪಿಡಿಯಲ್ಲಿ ಎಷ್ಟು ಎತ್ತರದ ಕೂಲರ್ ಹಿಡಿಯುತ್ತೆ ಅಂತ ಬರೆದಿರುತ್ತೆ. ಅಲ್ಲಿ 160 ಅಂತಿದ್ದರೆ 165ರದು ಹಿಡಿಯೋದಿಲ್ಲ. ಗಾಜು ಮುಚ್ಚೋದಿಲ್ಲ ಅಂತ ಆಮೇಲೆ ನನಗೆ ಫೋಟೋ ಕಳಿಸಬೇಡ. ರ‍್ಯಾಮಿನ ಎತ್ತರವನ್ನೂ ನೋಡು. ಬಣ್ಣದ ದೀಪ ಬೇಕು ಅಂತ ತಂದಿದ್ದೀಯಲ್ಲ ಕಿರೀಟದ ಥರದ್ದು, ಅದೇ ಅಡ್ಡ ಬರೋದು.

ಇಷ್ಟು ಹೇಳಿದ ಮೇಲೂ ನೀರಿನದೇ ಬೇಕು ಅಂತ ಮನಸ್ಸು ಎಳೆಯುತ್ತೆ ಅಂದರೆ, ನಿನ್ನ ದುಡ್ಡು, ನಿನ್ನ ಸಂಪಾದನೆ, ಹಾಕಿಕೋ. ಆದರೆ ಪಂಪು ಇರೋ ಭಾಗ ಎಲ್ಲಕ್ಕಿಂತ ಮೇಲೆ ಬರಬಾರದು. ಒಳಗೆ ಒಂದಿಷ್ಟು ಗಾಳಿ ಇದ್ದೇ ಇರುತ್ತೆ, ವರ್ಷ ಕಳೆದ ಹಾಗೆ ಕೊಳವೆಯ ಗೋಡೆಯಿಂದಲೇ ನೀರು ಆವಿಯಾಗಿ ಜಾರಿ ಗಾಳಿ ಇನ್ನೂ ಹೆಚ್ಚುತ್ತೆ. ಗಾಳಿ ಹೋಗಿ ಕೂರೋದು ಎತ್ತರದ ಜಾಗದಲ್ಲಿ. ಆ ಜಾಗ ರೇಡಿಯೇಟರಿನ ತಲೆಯಾಗಿರಲಿ. ಅಲ್ಲಿ ಪಂಪಿದ್ದರೆ ಗಳಗಳ ಅಂತ ಸದ್ದು ಮಾಡ್ತಾ ಬೇಗ ಸಾಯುತ್ತೆ. ನೀನೇ ಕೊಳವೆ ಜೋಡಿಸಿ ಮಾಡ್ತೀಯ ಅಂದರೆ ತಾಮ್ರದ ಬ್ಲಾಕಿಗೆ ಅಲ್ಯೂಮಿನಿಯಂ ರೇಡಿಯೇಟರ್ ಕೂಡಿಸಬೇಡ. ಒಂದೇ ನೀರಿನಲ್ಲಿ ಎರಡು ಲೋಹ ಇದ್ದರೆ ಅಲ್ಯೂಮಿನಿಯಂ ಕೊರೆದುಹೋಗುತ್ತೆ. ಲಿಕ್ವಿಡ್ ಮೆಟಲ್ ಅಂತ ಮಾರೋ ಗ್ಯಾಲಿಯಂ ಪೇಸ್ಟಿಗೂ ಇದೇ ಮಾತು. ಅಲ್ಯೂಮಿನಿಯಂ ಕಂಡರೆ ಅದು ಗೆದ್ದಲಿನ ಹಾಗೆ ತಿನ್ನುತ್ತೆ, ಬೋರ್ಡಿನ ಮೇಲೆ ಒಂದು ಹನಿ ಬಿದ್ದರೆ ಶಾರ್ಟ್. ನಿನಗಿನ್ನೂ ಅದರ ಹತ್ತಿರ ಹೋಗೋ ವಯಸ್ಸಾಗಿಲ್ಲ.

ಕೂರಿಸೋದು ಹೇಗೆ ಅಂತ ಹೇಳುವಾಗ ನನ್ನ ಹೊಲಿಗೆ ಡಬ್ಬಿಯಲ್ಲಿರೋ ಒಂದು ಚಿಪ್ಪಿನ ವಿಚಾರ ಹೇಳಬೇಕು. 2001ನೇ ಇಸವಿ. ಆ ಕಾಲದ ಆ ಚಿಪ್ಪಿಗೆ ಮೇಲೆ ಲೋಹದ ಮುಚ್ಚಳವೇ ಇರಲಿಲ್ಲ, ಬರೀ ಸಿಲಿಕಾನ್. ಕೂಲರಿನ ಕೊಂಡಿಯನ್ನ ಸ್ಕ್ರೂಡ್ರೈವರ್ ಕೊಟ್ಟು ಒತ್ತಿ ಸಿಕ್ಕಿಸಬೇಕಿತ್ತು. ಗಿರಾಕಿ ಕೌಂಟರಿನಲ್ಲಿ ನಿಂತು ಗಡಿಯಾರ ನೋಡ್ತಿದ್ದರು. ನಾನು ಒಂದು ಕಡೆ ಮಾತ್ರ ಒತ್ತಿದೆ. ಕಟ್ ಅಂತ ಒಂದು ಸಣ್ಣ ಸದ್ದು. ಮೂಲೆ ಒಂದು ರವೆಕಾಳಿನಷ್ಟು ಹಾರಿಹೋಗಿತ್ತು. ಆ ಕಂಪ್ಯೂಟರ್ ಮತ್ತೆ ಏಳಲಿಲ್ಲ. ಗಿರಾಕಿಗೆ ನಿಜ ಹೇಳಿ ಹೊಸ ಚಿಪ್ಪು ತಂದು ಹಾಕಿದೆವು. ಎರಡು ವಾರದ ಸಂಪಾದನೆ ಹೋಯಿತು, ಆದರೆ ಆ ಮನುಷ್ಯ ಕೊನೆಯವರೆಗೂ ನಮ್ಮ ಅಂಗಡಿಗೇ ಬಂದರು. ಈಗಿನ ಚಿಪ್ಪಿಗೆ ಮುಚ್ಚಳ ಇದೆ, ಅಷ್ಟು ಸುಲಭವಾಗಿ ಒಡೆಯೋದಿಲ್ಲ. ಆದರೂ ನಾಲ್ಕು ತಿರುಪನ್ನ ಒಂದಾದ ಮೇಲೆ ಒಂದು ಪೂರ್ತಿ ಬಿಗಿಯಬೇಡ. ಒಂದಕ್ಕೆ ಎರಡು ಸುತ್ತು, ಅದರ ಎದುರು ಮೂಲೆಯದಕ್ಕೆ ಎರಡು ಸುತ್ತು, ಹೀಗೆ ಸುತ್ತಿ ಬಾ. ಸಮವಾಗಿ ಕೂತರೇ ಪೇಸ್ಟ್ ಸಮವಾಗಿ ಹರಡೋದು.

ಪೇಸ್ಟ್ ತಣ್ಣನೆಯ ಔಷಧಿ ಅಲ್ಲ, ಹಚ್ಚಿದಷ್ಟೂ ಒಳ್ಳೇದು ಅನ್ನೋಕೆ. ತಾಮ್ರದ ಮುಂದೆ ಅದು ಬಹಳ ಮಂದ, ಬಿಸಿ ಸಾಗಿಸೋದರಲ್ಲಿ ನಲವತ್ತನೇ ಒಂದು ಪಾಲೂ ಇರೋದು ಕಷ್ಟ. ಆದರೆ ಗಾಳಿಗಿಂತ ನೂರಾರು ಪಟ್ಟು ಮೇಲು. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಹಳ್ಳಗಳಲ್ಲಿ ಗಾಳಿ ಕೂರದ ಹಾಗೆ ತುಂಬೋದಷ್ಟೇ ಅದರ ಕೆಲಸ. ನಡುಮಧ್ಯ ಒಂದು ತೊಗರಿಕಾಳಿನಷ್ಟು ಸಾಕು. ಹಳೇದನ್ನ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ತೆಗಿ, ಬನಿಯನ್ ಬಟ್ಟೆ ಒಳ್ಳೇದು, ಹತ್ತಿ ಎಳೆ ಬಿಡುತ್ತೆ. ಕೂಲರಿನ ತಳಕ್ಕೆ ಅಂಟಿಸಿರೋ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತೆಯಾ? ನಗಬೇಡ. ಅದನ್ನ ಕೀಳದೆ ಕೂರಿಸಿ, ಬಿಸಿಯಾಗುತ್ತೆ ಅಂತ ತಂದವರಲ್ಲಿ ಓದಿದವರೇ ಜಾಸ್ತಿ. ನಿನ್ನ ಗೆಳೆಯನದು ಎಎಂ4 ಬೋರ್ಡು ಅಂದೆಯಲ್ಲ, ಅವನಿಗೂ ಹೇಳು. ಕೂಲರ್ ತೆಗೆಯೋ ಮೊದಲು ಕಂಪ್ಯೂಟರನ್ನ ಹತ್ತು ನಿಮಿಷ ಓಡಿಸಿ ಪೇಸ್ಟ್ ಮೆತ್ತಗೆ ಮಾಡಿ, ಸ್ವಿಚ್ ಆರಿಸಿ ಪ್ಲಗ್ ಕಿತ್ತು, ಕೂಲರನ್ನ ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುವಬೇಕು. ನೇರ ಮೇಲಕ್ಕೆ ಎಳೆದರೆ ಚಿಪ್ಪೂ ಸಾಕೆಟ್ಟಿನಿಂದ ಕಿತ್ತು ಬರುತ್ತೆ, ಕೆಳಗಿನ ಸಾವಿರದ ಮುನ್ನೂರು ಚಿಲ್ಲರೆ ಪಿನ್ನುಗಳು ಸೊಟ್ಟಗಾಗುತ್ತವೆ.

ಆದರೆ ಕೂಲರ್ ಮಾತು ಬಿಡು. ಅದಕ್ಕೂ ಮೊದಲು ಬಯಾಸ್‌ಗೆ ಹೋಗಿ ಇಕೋ ಮೋಡ್ ಹಾಕು. 105 ವ್ಯಾಟ್ ಅಂತ ಹೆಸರಿಟ್ಟುಕೊಂಡ ನಿನ್ನ ಚಿಪ್ಪು 65ಕ್ಕೆ ಇಳಿದು ಕೂರುತ್ತೆ. ಆಟದಲ್ಲಿ ವ್ಯತ್ಯಾಸ ಹುಡುಕಿದರೂ ಸಿಗೋದು ಕಷ್ಟ, ರೆಂಡರ್‌ನಲ್ಲಿ ಸ್ವಲ್ಪ ತಡವಾಗುತ್ತೆ, ಅಷ್ಟೇ. ಆಮೇಲೆ ಫ್ಯಾನಿನ ಏರಿಳಿತದ ಗೆರೆ ತಿದ್ದು. ಚಿಪ್ಪು ಒಂದು ಕ್ಷಣ 80ಕ್ಕೆ ಹಾರಿ ಮತ್ತೆ 55ಕ್ಕೆ ಬೀಳುತ್ತೆ, ಫ್ಯಾನು ಅದರ ಹಿಂದೆಯೇ ಊಂ ಅಂತ ಎದ್ದು ಬೀಳುತ್ತೆ. ತಂಗಿಗೆ ಕಿರಿಕಿರಿಯಾಗೋದು ಜೋರು ಸದ್ದಲ್ಲ, ಈ ಎದ್ದುಬೀಳೋ ಸದ್ದು. ನಾಲ್ಕೈದು ಸೆಕೆಂಡು ತಡೆದು ಏರೋ ಹಾಗೆ ಇಡು. ನೀನು ಒಂದು ರೂಪಾಯಿ ಬಿಚ್ಚದೆ ಅರ್ಧ ಜಗಳ ಮುಗಿಯುತ್ತೆ.

ಈಗ ನಿನಗೆ ಇಷ್ಟವಾದ ಭಾಗಕ್ಕೆ ಬರ್ತೀನಿ. ತಗಡು ಕೊಯ್ಯೋದು. ಬೇಡ ಅನ್ನೋಳಲ್ಲ ನಾನು. ನಿನ್ನ ಕ್ಯಾಬಿನೆಟ್ಟಿನ ಮುಂಭಾಗ ಗಾಜು, ಗಾಳಿಗೆ ಬೆರಳಗಲದ ಸಂದು ಮಾತ್ರ. ಅದನ್ನ ಮಾಡಿದವರ ಕಣ್ಣು ಅಂಗಡಿಯ ಕಪಾಟಿನ ಮೇಲಿತ್ತು, ನಿನ್ನ ಕೋಣೆಯ ಮೇಲಲ್ಲ. ಅಂಥದ್ದನ್ನ ತಿದ್ದಬೇಕು, ತಿದ್ದೋ ಕೈ ನಿನ್ನದಿದೆ. ಆದರೆ ತಗಡು ಕೊಯ್ಯೋ ಮೊದಲು ರಟ್ಟು ಕೊಯ್ಯಿ. ಮುಂದಿನ ಗಾಜು ಬಿಚ್ಚಿ ಆ ಜಾಗಕ್ಕೆ ರಟ್ಟು ಕಟ್ಟು, ನೀನು ತೂತು ಮಾಡಬೇಕು ಅಂದುಕೊಂಡ ಕಡೆ ಅಷ್ಟೇ ಅಳತೆಯ ತೂತು ಮಾಡು, ಎದುರಿಗೇ ಕೂತು ಅರ್ಧ ಗಂಟೆ ಆಟ ಓಡಿಸು, ನೋಟ್‌ಬುಕ್ಕು ನೋಡು. ರಟ್ಟಿನಲ್ಲಿ ಇಳಿಯದ ಡಿಗ್ರಿ ತಗಡಿನಲ್ಲೂ ಇಳಿಯೋದಿಲ್ಲ. ರಟ್ಟು ತಪ್ಪಿದರೆ ಇನ್ನೊಂದು ಪೆಟ್ಟಿಗೆ ಇದೆ. ತಗಡು ತಪ್ಪಿದರೆ ಕ್ಯಾಬಿನೆಟ್ಟು ಹೋಯಿತು. ಗಾಜಿಗೆ ಮಾತ್ರ ಡ್ರಿಲ್ ಮುಟ್ಟಿಸಬೇಡ. ಅದು ಟೆಂಪರ್ಡ್ ಗಾಜು, ತೂತು ಬೀಳೋದಿಲ್ಲ, ಇಡೀ ಹಲಗೆ ಒಂದೇ ಸಲಕ್ಕೆ ಹುರಿಗಡಲೆಯಷ್ಟು ಚೂರಾಗಿ ಮಡಿಲಿಗೆ ಬೀಳುತ್ತೆ.

ತಗಡಿನ ಕೆಲಸಕ್ಕೆ ಕೂತಾಗ ಒಳಗಿನದೆಲ್ಲ ಆಚೆ ತೆಗಿ. ಮದರ್‌ಬೋರ್ಡು, ಎಸ್‌ಎಂಪಿಎಸ್, ಎಲ್ಲಾ. "ಬಟ್ಟೆ ಮುಚ್ಚಿಕೊಂಡು ಬೇಗ ಒಂದು ತೂತು ಹಾಕಿಬಿಡ್ತೀನಿ" ಅನ್ನೋ ಮಾತೇ ಬೇಡ. ಕೂದಲಿನಷ್ಟು ತೆಳುವಾದ ಒಂದು ಉಕ್ಕಿನ ಚೂರು ಎರಡು ಪಿನ್ನಿನ ನಡುವೆ ಕೂತರೆ ಬೋರ್ಡು ಸುಟ್ಟಿತು. ಅದು ಇವತ್ತೇ ಆಗಬೇಕೆಂದಿಲ್ಲ, ಮೂರು ತಿಂಗಳ ಮೇಲೆ ಟೇಬಲ್ ಅಲ್ಲಾಡಿದ ದಿನ ಆದೀತು. ಕೊಯ್ಯೋದನ್ನ ತಾರಸಿ ಮೇಲೆ ಇಟ್ಟುಕೋ, ಕೋಣೆಯಲ್ಲಿ ಬೇಡ. 120ರ ಫ್ಯಾನಿಗೆ ಸುಮಾರು 115 ಮಿಲಿಮೀಟರ್ ಅಗಲದ ಗುಂಡನೆ ತೂತು, ನಾಲ್ಕು ತಿರುಪಿನ ತೂತುಗಳು ಮಧ್ಯದಿಂದ ಮಧ್ಯಕ್ಕೆ 105 ಮಿಲಿಮೀಟರ್ ದೂರದಲ್ಲಿ. ಮೇಲೆ ಪೇಂಟರ್ ಟೇಪು ಅಂಟಿಸಿ ಅದರ ಮೇಲೆ ಗೆರೆ ಎಳಿ, ಬಣ್ಣ ತರಚೋದಿಲ್ಲ. ಮಧ್ಯದಲ್ಲಿ ಸೆಂಟರ್ ಪಂಚ್ ಇಟ್ಟು ಒಂದು ಪೆಟ್ಟು ಕೊಡು, ಇಲ್ಲದಿದ್ದರೆ ಡ್ರಿಲ್ ಬಿಟ್ಟು ಜಾರಿಕೊಂಡು ಹೋಗಿ ಎಲ್ಲೆಲ್ಲೋ ಗೀರುತ್ತೆ. ಹಿಂದೆ ಒಂದು ಮರದ ತುಂಡು ಒತ್ತಿಡು. ಹೋಲ್ ಸಾ ಹಾಕಿದರೆ ಮೆಲ್ಲಗೆ ಓಡಿಸು, ನಡುನಡುವೆ ಎಣ್ಣೆ ಹನಿಸು. ಕಣ್ಣಿಗೆ ಕನ್ನಡಕ ಹಾಕು. ನಿನ್ನ ಸೋಡಾಬುಡ್ಡಿ ಕನ್ನಡಕ ಸಾಲದು, ಪಕ್ಕ ಮುಚ್ಚೋದು ಬೇಕು. ತಿರುಗೋ ಯಂತ್ರದ ಹತ್ತಿರ ಬಟ್ಟೆಯ ಕೈಗವಸು ಬೇಡ, ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತೆ.

ಕೊಯ್ದಾದ ಮೇಲೆ ಹುಡುಗರು ಅಲ್ಲಿಗೇ ಎದ್ದುಬಿಡ್ತಾರೆ. ಕೆಲಸ ಶುರುವಾಗೋದು ಆಗ. ಅರೆದುಂಡು ಅರ ತಗೊಂಡು ಅಂಚನ್ನ ಉಜ್ಜು. ಕಣ್ಣು ಮುಚ್ಚಿ ಬೆರಳ ಬೆನ್ನಿಂದ ಸವರಿದರೆ ಎಲ್ಲೂ ಕಚ್ಚಬಾರದು, ಅಲ್ಲಿಯವರೆಗೂ ಉಜ್ಜು. ಬರಿ ಲೋಹ ಕಾಣೋ ಕಡೆಗೆಲ್ಲ ಪ್ರೈಮರ್ ಹಚ್ಚು, ಉಡುಪಿಯಲ್ಲಿರೋ ನಿನ್ನ ಸೋದರಮಾವನ ಮನೆಯಲ್ಲಾದರೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತೆ. ಅಂಚಿಗೆ ರಬ್ಬರ್ ಬೀಡಿಂಗ್ ಸಿಕ್ಕಿಸು, ಆಟೋ ಬಿಡಿಭಾಗದ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡ್ತಾರೆ. ಖಾಲಿ ಕ್ಯಾಬಿನೆಟ್ಟನ್ನ ನೀರಲ್ಲಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಒಂದು ಮ್ಯಾಗ್ನೆಟ್ಟಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಮೂಲೆಮೂಲೆಯಲ್ಲೂ ಆಡಿಸು. ಅದಕ್ಕೆ ಅಂಟಿ ಬರೋ ಚೂರು ನೋಡಿದರೆ ನೀನೇ ಹೌಹಾರ್ತೀಯ. ತಿರುಪುಗಳನ್ನ ಸ್ಟೀಲ್ ಲೋಟದಲ್ಲಿ ಹಾಕಿಡು, ಎಣಿಸಿ. ಎರಡು ಮಿಕ್ಕರೆ ಈ ಸಲ ಬ್ಯಾಗಿನಲ್ಲಿ ಬಚ್ಚಿಡೋ ಹಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನ್ನ ಹತ್ತಿರ ಚೌಕಾಸಿ ಇಲ್ಲ. ಎಸ್‌ಎಂಪಿಎಸ್ ಡಬ್ಬ ಬಿಚ್ಚಬಾರದು. ಅದರ ಫ್ಯಾನು ಸದ್ದು ಮಾಡಿದರೂ ಬಿಚ್ಚಬಾರದು, ಬದಲಾಯಿಸಬೇಕು. ಪ್ಲಗ್ ಕಿತ್ತು ಪಕ್ಕಕ್ಕಿಟ್ಟ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿಗೂ ಮೀರಿ ಕೂತಿರಬಹುದು. ನಮ್ಮ ಓಣಿಯಲ್ಲಿ ಒಬ್ಬ ಒಳ್ಳೇ ಕೆಲಸಗಾರನ ಬಲಗೈಯ ಎರಡು ಬೆರಳು ಇವತ್ತಿಗೂ ಮಡಚೋದಿಲ್ಲ. ಇನ್ನು ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತೆ ಅಂದಿದ್ದೆಯಲ್ಲ ಹೋದ ತಿಂಗಳು, ನಕ್ಕು ಬಿಟ್ಟಿದ್ದೆ ಬೇರೆ. ಅದು ನಗೋ ವಿಷಯವಲ್ಲ. ಅರ್ಥಿಂಗ್ ಇಲ್ಲದ ಕಡೆ ಆ ತಗಡು 230ರ ಅರ್ಧದಷ್ಟು ವೋಲ್ಟಿನಲ್ಲಿ ತೇಲ್ತಾ ಇರುತ್ತೆ. ಕರೆಂಟು ಅತಿ ಸಣ್ಣದು, ಅದಕ್ಕೇ ಬರೀ ಜುಂ. ಆದರೆ ಒಳಗೆ ಏನಾದರೂ ಕೆಟ್ಟ ದಿನ ನಿನ್ನನ್ನ ಕಾಯೋಕೆ ಅಲ್ಲಿ ಯಾರೂ ಇರೋದಿಲ್ಲ. ಹೊಸ ಕೂಲರಿಗೆ ಕೂಡಿಟ್ಟ ದುಡ್ಡಿನಲ್ಲಿ ಮೊದಲು ಎಲೆಕ್ಟ್ರೀಷಿಯನ್ ಕರೆಸಿ ಆ ಪಾಯಿಂಟಿಗೆ ಅರ್ಥಿಂಗ್ ಸರಿ ಮಾಡಿಸು. ಮೂರು ಪಿನ್ನನ್ನ ಎರಡು ಮಾಡೋ ಆ ಅಡಾಪ್ಟರನ್ನ ಎಸಿ, ಯಾರಿಗೂ ಕೊಡಬೇಡ.

ಕೂಲರ್ ಬದಲಾಯಿಸೋದೇ ಆದರೆ ಹಳೇದನ್ನ ಮಾರ್ತೀಯಲ್ಲ, ಮಾರುವಾಗ ಒಂದು ಕೊಂಡಿ ಸಡಿಲ ಇದೆ ಅಂತ ಹೇಳಿಯೇ ಮಾರು. ಇನ್ನೂರು ರೂಪಾಯಿ ಕಮ್ಮಿ ಬರಲಿ. ನಿಮ್ಮಮ್ಮನಿಗೂ ಬೆಲೆ ಸರಿಯಾಗಿ ಹೇಳು. ಗ್ರಾಫಿಕ್ಸ್ ಕಾರ್ಡಿನ ಬೆಲೆಯಲ್ಲಿ ಒಂದು ಸೊನ್ನೆ ನುಂಗಿದ್ದೆ ನೀನು, ಅವಳು ಬಿಲ್ ನೋಡಿ ನನಗೇ ಫೋನ್ ಮಾಡಿದ್ದಳು. ಒಂದು ದಿನಕ್ಕೆ ಒಂದೇ ಬದಲಾವಣೆ ಮಾಡು. ಫ್ಯಾನೂ ತಿರುಗಿಸಿ, ಪೇಸ್ಟೂ ಹಚ್ಚಿ, ಇಕೋ ಮೋಡೂ ಹಾಕಿ ಹತ್ತು ಡಿಗ್ರಿ ಇಳಿಸಿದರೆ, ಇಳಿಸಿದ್ದು ಯಾವುದು ಅಂತ ನಿನಗೂ ಗೊತ್ತಿರೋದಿಲ್ಲ, ಮುಂದಿನ ಸಲ ಮತ್ತೆ ಮೂರೂ ಮಾಡ್ತೀಯ.

ಎಲ್ಲಾ ಮುಗಿದ ಮೇಲೆ, ರಾತ್ರಿ ಹತ್ತಕ್ಕೆ ಆಟ ಹಚ್ಚಿ, ಹೆಡ್‌ಫೋನ್ ತೆಗೆದಿಟ್ಟು ಎದ್ದು ಪಕ್ಕದ ಕೋಣೆಗೆ ಹೋಗು. ತಂಗಿಯ ಕುರ್ಚಿ ಅವಳನ್ನ ಕೇಳಿ ಐದು ನಿಮಿಷಕ್ಕೆ ಈಸಿಕೋ. ಬಾಗಿಲು ತೆರೆದೇ ಇರಲಿ, ಅವಳ ಪುಸ್ತಕವೂ ಎದುರಿಗೇ ಇರಲಿ. ಅಲ್ಲಿ ಕೂತು ಕೇಳು. ಏನು ಕೇಳಿಸಿತು ಅಂತ ಆಮೇಲೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ.